ಗೋಲು ಕಾಯಲು ಹೋಗಿ ಬೆಂಚು ಕಾದ ಮೂರು ವರ್ಷ: ಗುರ್‌ಪ್ರೀತ್‌ಗೆ ಲಾಭವೋ ನಷ್ಟವೋ?

ಕಲ್ಲುಮೆಟ್ಟಿಲು

ಸಿಂಗಪುರದ ಎದುರು ಸೋತು 2027ರ ಏಷ್ಯನ್ ಕಪ್ ಕೈತಪ್ಪಿದಾಗಿನಿಂದ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ದಿನಾ ಫುಟ್‌ಬಾಲ್ ಪಂಚಾಯ್ತಿ. ನಿನ್ನೆ ಭಾರತ ತಂಡದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಸರದಿ. ನನ್ನ ವಾದ ಹೇಳ್ತೀನಿ, ಬೈಯುವವರು ಬೈಯಿರಿ.

ಹುಡುಗ ಹುಟ್ಟಿದ್ದು 1992ರಲ್ಲಿ, ಪಂಜಾಬಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಪೊಲೀಸ್. ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ ಕಲಿತು ಹದಿನೇಳಕ್ಕೇ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ. 2011ರ ಏಷ್ಯನ್ ಕಪ್‌ಗೆ ಹೋದ ಭಾರತ ತಂಡದಲ್ಲಿ ಅವನೂ ಇದ್ದ. ಕೋಲ್ಕತ್ತದಲ್ಲಿ ಜಾಗ ಗಟ್ಟಿಯಾಗ್ತಾ ಇದ್ದ ಹೊತ್ತಿಗೆ ಸರಿಯಾಗಿ, 2014ರ ಆಗಸ್ಟ್‌ನಲ್ಲಿ, ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೊರಟ. ವಾಪಸ್ ಬಂದದ್ದು 2017ರ ಆಗಸ್ಟ್, ನಮ್ಮ ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ). ನಡುವಿನ ಮೂರು ವರ್ಷದಲ್ಲಿ ಆಡಿದ ಲೀಗ್ ಪಂದ್ಯಗಳನ್ನು ಒಂದೇ ಕೈಬೆರಳಲ್ಲಿ ಎಣಿಸಿಬಿಡಬಹುದು. ಗೋಲು ಕಾಯಲು ಹೋದವನು ಬೆಂಚು ಕಾದ.

22ರಿಂದ 25ರ ವಯಸ್ಸು ಅಂದ್ರೆ ಆಟಗಾರನಿಗೆ ಚಿನ್ನದಂಥ ಕಾಲ. ಅದನ್ನು ಮಂಜಿನಲ್ಲಿ ಕಳೆದ. ಇಲ್ಲೇ ಇದ್ದು ವಾರವಾರ ಆಡಿದ್ದರೆ ಇನ್ನೂ ದೊಡ್ಡ ಕೀಪರ್ ಆಗ್ತಿದ್ದ ಅನ್ನೋದು ನನ್ನ ಅನಿಸಿಕೆ. ಏನಂತೀರಿ?

ಕುಂದಾ_ಬೆಳಗಾವಿ

ಅಲ್ರೀ, ಆರೂವರೆ ಅಡಿ ಮನಿಶ್ಯಾನ್ನ ಬೆಂಚ್ ಮ್ಯಾಲೆ ಕುಂದ್ರಿಸಿದ್ರ ಹಿಂದಿನವ್ರಿಗೆ ಆಟ ಹೆಂಗ ಕಾಣತಿತ್ತು? 😄 ಬೈಯಾಕ ಬಂದಿಲ್ಲ. ಓದಾಕ ಕುಂತೀನಿ. ಮುಂದುವರಿಸ್ರಿ.

ಹಳೇ_ಕೀಪರ್_ಆಸ್ಟಿನ್‌ಟೌನ್

ಕಲ್ಲುಮೆಟ್ಟಿಲು ಅವರೇ, ನೀವು ಮೆಟ್ಟಿಲ ಮೇಲಿಂದ ನೋಡಿದವರು. ನಾನು ಹನ್ನೊಂದು ವರ್ಷ ಬೆಂಗಳೂರಿನ ಲೀಗ್‌ಗಳಲ್ಲಿ ಗೋಲಿನಡಿ ನಿಂತವನು. ಅದರಲ್ಲಿ ನಾಲ್ಕು ವರ್ಷ ಎರಡನೇ ಕೀಪರ್. ಹಾಗಾಗಿ ಈ ಬೆಂಚಿನ ವಿಷಯ ಸ್ವಲ್ಪ ನನಗೆ ಬಿಡಿ.

ಬೆಂಚಿನ ಮೇಲಿರೋ ಫಾರ್ವರ್ಡ್‌ಗೆ ಪ್ರತಿ ಪಂದ್ಯದಲ್ಲೂ ಆಸೆ ಇರುತ್ತೆ. ಎಪ್ಪತ್ತನೇ ನಿಮಿಷಕ್ಕೆ ಕೋಚ್ ತಿರುಗಿ ನೋಡ್ತಾನೆ, ಇಪ್ಪತ್ತು ನಿಮಿಷ ಸಿಗುತ್ತೆ, ಒಂದು ಗೋಲು ಬಿದ್ದರೆ ಮುಂದಿನ ವಾರ ಹನ್ನೊಂದರಲ್ಲಿ ಹೆಸರು. ಎರಡನೇ ಕೀಪರ್‌ಗೆ ಆ ಬಾಗಿಲೇ ಇಲ್ಲ. ಮೊದಲ ಕೀಪರ್‌ಗೆ ಪೆಟ್ಟಾಗಬೇಕು, ಇಲ್ಲ ಕೆಂಪು ಕಾರ್ಡ್ ಸಿಗಬೇಕು. ಅಂದ್ರೆ ಜೊತೆಗಾರನ ಕೇಡು ಬಯಸದೆ ನಿನ್ನ ಸರದಿಗೆ ಕಾಯಬೇಕು. ಅದರ ಮೇಲೆ ಪಂದ್ಯಕ್ಕೆ ಮುಂಚೆ ಅವನನ್ನು ತಯಾರು ಮಾಡೋದೂ ನೀನೇ. ಅವನ ಎದೆಗೆ, ಎಡಕ್ಕೆ, ಬಲಕ್ಕೆ ಚೆಂಡು ಒದ್ದು ಕೊಟ್ಟು, ಅವನ ಕೈ ಬಿಸಿ ಮಾಡಿ, ಆಮೇಲೆ ಹೋಗಿ ಕೂರಬೇಕು. ಮದುವೆ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೇ ಪಂಕ್ತಿಗೆ ಕಾದ ಹಾಗೆ. ಎಷ್ಟೋ ಸಲ ಆ ಪಂಕ್ತಿಯೇ ಇರಲ್ಲ.

ಈಗ ನಿಮ್ಮ ಲೆಕ್ಕ. ಕೀಪರ್ ತೊಂಬತ್ತು ನಿಮಿಷದ ಪಂದ್ಯದಲ್ಲಿ ನಿಜವಾಗಿ ಕೈ ಹಚ್ಚೋದು ಎಷ್ಟು ಸಲ? ಮೂರು, ನಾಲ್ಕು, ದುರ್ದಿನವಾದರೆ ಎಂಟು. ಅಭ್ಯಾಸದಲ್ಲಿ ಒಂದು ಬೆಳಗ್ಗೆಗೆ ನೂರಾರು. ಆ ನೂರಾರು ಹೊಡೆತಗಳನ್ನು ಯಾರು ಹೊಡೀತಾರೆ ಅನ್ನೋದೇ ಕೀಪರ್‌ನ ಓದು. ನಮಗೆ ಕೀಪರ್ ಕೋಚ್ ಅನ್ನೋರೇ ಇರಲಿಲ್ಲ. ಅವತ್ತು ಕಾಲು ನೋವು ಅಂದ ಬ್ಯಾಕ್ ಯಾರಿದ್ದನೋ ಅವನೇ ನಮಗೆ ಚೆಂಡು ಒದೆಯೋನು! ಗುರ್‌ಪ್ರೀತ್‌ಗೆ ಅಲ್ಲಿ ಮೂರು ವರ್ಷ ದಿನಾ ಯುರೋಪಿನ ಫಾರ್ವರ್ಡ್‌ಗಳು ಒದ್ದಿದ್ದಾರೆ. ಪಂದ್ಯ ಆಡಿಲ್ಲ ಸರಿ, ಪಾಠ ತಪ್ಪಿಸಿಕೊಂಡಿಲ್ಲ.

ತೂಕದ_ಮಾತು

ಭಾವನೆ ಪಕ್ಕಕ್ಕಿಟ್ಟು ಮಾತಾಡೋಣ ಸರ್. ಅಭ್ಯಾಸದಲ್ಲಿ ಸಿಗದ ಒಂದೇ ಒಂದು ವಸ್ತು ಅಂದ್ರೆ ನಿರ್ಧಾರ. ಮುನ್ನುಗ್ಗಬೇಕೋ ನಿಲ್ಲಬೇಕೋ, ಹಿಡಿಯಬೇಕೋ ಗುದ್ದಬೇಕೋ ಅನ್ನೋದು ಪಂದ್ಯದಲ್ಲಿ ಮಾತ್ರ ಕಲಿಯೋದು. ಗುರ್‌ಪ್ರೀತ್ ದೊಡ್ಡ ತಪ್ಪುಗಳೆಲ್ಲ ಅದೇ ಜಾತಿಯವು.

2024ರ ಜನವರಿ, ಏಷ್ಯನ್ ಕಪ್, ಆಸ್ಟ್ರೇಲಿಯಾ ಪಂದ್ಯ. ಮೊದಲಾರ್ಧ ಪೂರ್ತಿ ಭಾರತ ಹಿಡಿದು ನಿಲ್ಲಿಸಿತ್ತು. ವಿರಾಮ ಕಳೆದು ಐದು ನಿಮಿಷಕ್ಕೆ ಪಕ್ಕದಿಂದ ಬಂದ ಕ್ರಾಸ್ ಅನ್ನು ದೂರ ತಳ್ಳೋ ಬದಲು ನೇರ ಜಾಕ್ಸನ್ ಇರ್ವಿನ್ ಕಾಲಿಗೆ ಹಾಕಿದ. ಗೋಲು. ಅದೇ ವರ್ಷ ನವೆಂಬರ್, ಹೈದರಾಬಾದ್, ಮಲೇಷ್ಯಾ ಪಂದ್ಯ. ಉದ್ದದ ಚೆಂಡಿಗೆ ಗೋಲು ಬಿಟ್ಟು ಓಡಿ ಬಂದ, ಚೆಂಡು ಸಿಗಲಿಲ್ಲ, ಪೌಲೊ ಜೋಸುಯೆ ಖಾಲಿ ಗೋಲಿಗೆ ಹಾಕಿದ. ರಾಹುಲ್ ಭೇಕೆ ತಲೆಯಿಂದ ಸಮ ಮಾಡಿದ್ದಕ್ಕೆ 1-1. ಬಿಎಫ್‌ಸಿಯಲ್ಲೂ ಅಷ್ಟೇ: 2018ರ ಮಾರ್ಚ್, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ನಮ್ಮದೇ ಕಂಠೀರವ. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್. ಇಷ್ಟು ಎತ್ತರದ ಕೀಪರ್ ಗೋಲಿನಡಿಯೇ ನಿಂತಿದ್ದ. 2-3 ಸೋತೆವು. ಟೇಬಲ್‌ನಲ್ಲಿ ಮೊದಲ ಸ್ಥಾನ, ಕಪ್ ಮಾತ್ರ ಪಕ್ಕದ ಊರಿಗೆ.

ಕಲ್ಲುಮೆಟ್ಟಿಲು

ಆ ರಾತ್ರಿ ನೆನಪು ಮಾಡಬೇಡಿ. ಕಬ್ಬನ್ ಪಾರ್ಕ್ ಮೆಟ್ರೊವರೆಗೂ ಒಬ್ಬರೂ ಮಾತಾಡಿರಲಿಲ್ಲ.

ಹಳೇ_ಕೀಪರ್_ಆಸ್ಟಿನ್‌ಟೌನ್

@ತೂಕದ_ಮಾತು, ಮಲೇಷ್ಯಾದ್ದು ಪೂರ್ತಿ ಅವನದೇ ತಪ್ಪು, ಒಪ್ಪಿದೆ. ಕಾರ್ನರ್‌ಗಳನ್ನು ಒಪ್ಪಲ್ಲ. ಚೆಂಡು ಆರು ಗಜದ ಬಾಕ್ಸ್‌ನಿಂದ ಆಚೆ ಬಿದ್ದರೆ, ಮುಂದೆ ಏಳೆಂಟು ಜನ ಗುಂಪಾಗಿದ್ದರೆ, ಎತ್ತರ ಒಂದರಿಂದ ಏನೂ ಆಗಲ್ಲ. ಹೊರಗೆ ಬಂದು ಸಿಗದಿದ್ದರೆ ಮಲೇಷ್ಯಾ ಕಥೆ, ಬಾರದೆ ನಿಂತರೆ ಮೈಲ್ಸನ್ ಕಥೆ. ಎರಡಕ್ಕೂ ಬೈಗುಳ ಗ್ಯಾರಂಟಿ.

ಇನ್ನೊಂದು ಮಾತು. ಫಾರ್ವರ್ಡ್ ಸುನಿಲ್ ಛೆಟ್ರಿ ಒಂದು ಪಂದ್ಯದಲ್ಲಿ ಆರು ಅವಕಾಶ ಕೆಡಿಸಿ ಏಳನೆಯದು ಹಾಕಿದರೆ ಮರುದಿನ ಪೇಪರ್‌ನಲ್ಲಿ ಏಳನೆಯದರ ಫೋಟೊ. ಕೀಪರ್ ಆರು ಹಿಡಿದು ಏಳನೆಯದು ಬಿಟ್ಟರೂ ಏಳನೆಯದರ ಫೋಟೊವೇ. ನೀವು ಈಗ ಹಾಕಿದ ಪಟ್ಟಿಯೇ ನೋಡಿ: ಎಂಟು ವರ್ಷದ ಆಟದಿಂದ ಮೂರು ಸಂಜೆ ಆರಿಸಿದ್ದೀರಿ.

ತೂಕದ_ಮಾತು

ಮೂರು ಸಂಜೆಯಲ್ಲಿ ಒಂದು ಫೈನಲ್, ಒಂದು ಏಷ್ಯನ್ ಕಪ್ ಇದ್ದರೆ ಆರಿಸಲೇಬೇಕಲ್ವಾ.

ಓಸ್ಲೋ_ಉಪ್ಪಿಟ್ಟು

ನಾನು ದಾವಣಗೆರೆಯವಳು, 2013ರಿಂದ ಓಸ್ಲೋದಲ್ಲಿ ಇದ್ದೀನಿ. ಸ್ಟಾಬೆಕ್ ಊರು ನಮ್ಮ ಮನೆಯಿಂದ ಕೋಲ್ಸೋಸ್ ಕಡೆಯ ಮೆಟ್ರೊದಲ್ಲಿ ಸ್ವಲ್ಪವೇ ದೂರ. ಬೆಕ್ಕೆಸ್ತುವಾದಲ್ಲಿ ಇಳಿದು ನಡೆದರೆ ನಾಡೆರುಡ್ ಸ್ಟೇಡಿಯಂ. ಹೆಸರು ದೊಡ್ಡದು, ಸ್ಟೇಡಿಯಂ ಚಿಕ್ಕದು. ನಮ್ಮ ಕಂಠೀರವ ಅದರ ಎದುರು ಸಮುದ್ರ.

ಗುರ್‌ಪ್ರೀತ್ ಇದ್ದಾಗ ಗಂಡನ ಬಲವಂತಕ್ಕೆ ಎರಡು ಸಲ ಹೋಗಿದ್ದೆ. ಎರಡೂ ಸಲ ಗೋಲಿನಲ್ಲಿದ್ದದ್ದು ಐವರಿಕೋಸ್ಟ್‌ನ ಸಯೂಬಾ ಮಾಂಡೆ. ಅವನು ಒಳ್ಳೇ ಕೀಪರ್, ಅದನ್ನು ಹೇಳಲೇಬೇಕು. ಗುರ್‌ಪ್ರೀತ್ ಆಟ ಶುರುವಾಗೋ ಮುಂಚೆ ಮಾತ್ರ ಕಾಣಿಸಿದ, ಈಗ ಆಸ್ಟಿನ್ ಟೌನ್‌ನವರು ಬರೆದ ಹಾಗೇ, ಮಾಂಡೆಗೆ ಚೆಂಡು ಒದ್ದು ಕೊಡ್ತಾ. ಅದಕ್ಕೇ ಆ ಸಾಲು ಓದಿದ ಕೂಡಲೇ ಬರೆಯೋಣ ಅನ್ನಿಸಿತು.

ಇಲ್ಲಿಯವರ ಲೀಗ್ ನಡೆಯೋದು ವಸಂತದಿಂದ ನವೆಂಬರ್‌ವರೆಗೆ. ಮೈ ಕೊರೆಯೋ ಜನವರಿ, ಫೆಬ್ರವರಿಯಲ್ಲಿ ಪಂದ್ಯ ಇರಲ್ಲ, ಬರೀ ತಾಲೀಮು. ಮಧ್ಯಾಹ್ನ ಮೂರೂವರೆಗೆ ಕತ್ತಲಾಗೋ ದೇಶದಲ್ಲಿ, ಆಡಿಸ್ತಾರೋ ಇಲ್ಲವೋ ಗೊತ್ತಿಲ್ಲದೆ, ಬೆಳಗ್ಗೆ ಎದ್ದು ಹೋಗಿ ನೆಲಕ್ಕೆ ಬೀಳೋದು ಅಂದ್ರೆ ತಮಾಷೆ ಅಲ್ಲ. ನಾನು ಬಂದ ಮೊದಲ ಚಳಿಗಾಲ ಮನೆ ಬಿಟ್ಟೇ ಹೊರಡುತ್ತಿರಲಿಲ್ಲ.

ಕಡಲತೀರದ_ಕಿಕ್

ಕರೆಸಿಕೊಂಡದ್ದು ಬಾಬ್ ಬ್ರಾಡ್ಲಿ ಕಾಲದಲ್ಲಿ ಅಲ್ವಾ ಮಾರಾಯ್ರೆ, ಅಮೆರಿಕ ತಂಡದ ಹಳೇ ಕೋಚ್? ಅವರು 2015ರ ಕೊನೆಗೆ ಫ್ರಾನ್ಸ್‌ಗೆ ಹೋದರು. ಕರೆಸಿದವರು ಹೋದ ಮೇಲೆ ಬೆಂಚಿನಲ್ಲಿದ್ದವನ ಗತಿ ಎಂತದ್ದು ಹೇಳಿ. ಹೊಸ ಕೋಚ್ ಬಂದು ಮೊದಲು ಮುಟ್ಟದೆ ಬಿಡುವ ಜಾಗ ಅಂದ್ರೆ ಗೋಲು. ನಡೀತಾ ಉಂಟಲ್ಲ, ನಡೀಲಿ ಅಂತ.

ಓಸ್ಲೋ_ಉಪ್ಪಿಟ್ಟು

ಹೌದು. ಆದರೂ 2016ರಲ್ಲಿ ಅವಕಾಶ ಬಂತು. ಮೇ ತಿಂಗಳಲ್ಲಿ ಸ್ಟಾರ್ಟ್ ತಂಡದ ಎದುರು ಲೀಗ್ ಪಂದ್ಯ, 5-0 ಗೆಲುವು, ಇವನ ಗೋಲಿಗೆ ಒಂದೂ ಬೀಳಲಿಲ್ಲ. ಜೂನ್ 30ಕ್ಕೆ ವೇಲ್ಸ್‌ನ ಕಾನಾಸ್ ಕ್ವೇ ಎದುರು ಯುರೋಪಾ ಲೀಗ್ ಅರ್ಹತಾ ಪಂದ್ಯ. ಭಾರತದ ಆಟಗಾರನೊಬ್ಬ ಆ ಟೂರ್ನಿಯಲ್ಲಿ ಇಳಿದದ್ದು ಅದೇ ಮೊದಲು. ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲೂ ಹಬ್ಬ. ಮೊದಲಾರ್ಧ ಮುಗಿಯೋದರೊಳಗೆ ಗಾಯ ಆಗಿ ಹೊರಗೆ. ಒಳಗೆ ಬಂದವನು ಯಾರು? ಮಾಂಡೆ.

ಕುಂದಾ_ಬೆಳಗಾವಿ

ಅಯ್ಯೋ ಪಾಪ. ಎರಡು ವರ್ಷ ಕಾದು ಅರ್ಧ ಆಟನೂ ಸಿಗಲಿಲ್ಲ ನೋಡ್ರಿ.

ಕಲ್ಲುಮೆಟ್ಟಿಲು

ಇದನ್ನೇ ನಾನೂ ಹೇಳಿದ್ದು! ನಷ್ಟ ಅಂತ ಒಪ್ಪಿಕೊಳ್ಳಿ.

ಕಡಲತೀರದ_ಕಿಕ್

ಒಪ್ಪುವ ಮೊದಲು ನಾನು ಕಣ್ಣಾರೆ ಕಂಡದ್ದೊಂದು ಹೇಳ್ತೇನೆ. ನಾನು ಎಂಟು ವರ್ಷ ದೋಹಾದಲ್ಲಿ ಕೆಲಸಕ್ಕೆ ಇದ್ದೆ. 2019ರ ಸೆಪ್ಟೆಂಬರ್ 10, ವಿಶ್ವಕಪ್ ಅರ್ಹತಾ ಪಂದ್ಯ, ಜಾಸಿಂ ಬಿನ್ ಹಮದ್ ಸ್ಟೇಡಿಯಂ. ಕತಾರ್ ಆ ವರ್ಷವೇ ಏಷ್ಯಾ ಚಾಂಪಿಯನ್ ಆದದ್ದು. ನಾವು ಐದು ದಿನ ಮೊದಲು ಗುವಾಹಟಿಯಲ್ಲಿ ಒಮಾನ್‌ಗೆ 1-2 ಸೋತು ಬಂದದ್ದು, ಅದೂ ಕೊನೆಯ ಹತ್ತು ನಿಮಿಷದಲ್ಲಿ ಎರಡು ತಿಂದು. ಛೆಟ್ರಿಗೆ ಹುಷಾರಿಲ್ಲ, ಗುರ್‌ಪ್ರೀತ್ ಕ್ಯಾಪ್ಟನ್. ನಮ್ಮ ರೂಮಿನವರು ಎಷ್ಟು ಗೋಲು ಬೀಳ್ತದೆ ಅಂತ ಪಂಥ ಕಟ್ಟಿದ್ದರು. ಕಡಿಮೆ ಅಂದವನು ಮೂರು ಅಂದಿದ್ದ. ಸೊನ್ನೆ ಅಂದವರು ಯಾರೂ ಇಲ್ಲ.

ಮತ್ತೆ ನೋಡಿದ್ದು ಎಂತ? ಚೆಂಡು ನಮ್ಮ ಕಡೆಯ ಅರ್ಧ ಬಿಟ್ಟು ಹೋಗಲೇ ಇಲ್ಲ. ಕತಾರ್ ಇಪ್ಪತ್ತೈದಕ್ಕೂ ಹೆಚ್ಚು ಸಲ ಗುರಿ ಇಟ್ಟಿತು. ದೂರದಿಂದ, ಹತ್ತಿರದಿಂದ, ಕಾಲ ಸಂದಿಯಿಂದ. ಗುರ್‌ಪ್ರೀತ್ ಬಿದ್ದ, ಎದ್ದ, ತಳ್ಳಿದ, ಮತ್ತೆ ಬಿದ್ದ. ಹತ್ತಕ್ಕಿಂತ ಹೆಚ್ಚು ತಡೆದ. ಡಿಫೆಂಡರ್‌ಗಳೂ ಮೈ ಕೊಟ್ಟರು, ಸಂದೇಶ್ ಜಿಂಗನ್, ಆದಿಲ್ ಖಾನ್ ಎಲ್ಲ. ಕೊನೆಗೆ 0-0. ಹತ್ತಿರದಲ್ಲಿದ್ದ ಮಲಯಾಳಿ ಹುಡುಗರು ನನ್ನನ್ನು ಎತ್ತಿ ಕುಣಿಸಿದ್ದಾರೆ, ನನಗೆ ಆಗಲೇ 84 ಕೆ.ಜಿ.

ನನಗೆ ಮುಖ್ಯ ಕಂಡದ್ದು ಹಾರಿ ಹಿಡಿದದ್ದಲ್ಲ. ಎರಡು ಹೊಡೆತದ ನಡುವೆ ಅವನು ಗಡಿಬಿಡಿ ಮಾಡ್ಲಿಲ್ಲ. ಚೆಂಡು ಹಿಡಿದ ಮೇಲೆ ನೆಲದ ಮೇಲೆ ಒಂದು ಗಳಿಗೆ ಮಲಗಿ, ಎದ್ದು, ಎಲ್ಲರಿಗೂ ಮುಂದೆ ಹೋಗಿ ಅಂತ ಕೈ ಮಾಡಿ, ಆಮೇಲೆ ಒದೆಯುವುದು. ಮೂರು ವರ್ಷ ಕಾದು ಕೂತವನಿಗೆ ಅಲ್ಲದೆ ಈ ತಾಳ್ಮೆ ಯಾರಿಗೆ ಬರ್ತದೆ ಹೇಳಿ?

ತೂಕದ_ಮಾತು

ಚೆನ್ನಾಗಿ ಬರೆದಿರಿ. ಆ ಪಂದ್ಯಕ್ಕೆ ನನ್ನದೂ ನಮಸ್ಕಾರ. ಆದರೆ ತಾಳ್ಮೆ ನಾರ್ವೆಯಿಂದ ಬಂತು ಅನ್ನೋದಕ್ಕೆ ಏನು ಆಧಾರ? ಕೋಲ್ಕತ್ತದ ಡರ್ಬಿಯಲ್ಲಿ ಅರವತ್ತು ಸಾವಿರ ಜನರ ಬೈಗುಳ ತಿಂದವನಿಗೂ ಬರುತ್ತೆ.

ಹಳೇ_ಕೀಪರ್_ಆಸ್ಟಿನ್‌ಟೌನ್

ಆಧಾರ ಕೊಡೋಕೆ ನಾನು ವಕೀಲ ಅಲ್ಲ, ಕಂಡದ್ದು ಹೇಳ್ತೀನಿ. ಈಸ್ಟ್ ಬೆಂಗಾಲ್‌ನಲ್ಲಿದ್ದಾಗಿನ ಗುರ್‌ಪ್ರೀತ್‌ನನ್ನೂ ನೋಡಿದ್ದೀನಿ. ಆಗಲೂ ಹೊಡೆತ ತಡೆಯೋದರಲ್ಲಿ ಚುರುಕು. ಬದಲಾದದ್ದು ಎರಡು.

ಒಂದು, ಕಾಲು. 1992ಕ್ಕೆ ಮುಂಚೆ ನಮ್ಮವರು ಬೇಕಂತಲೇ ಹಿಂದಕ್ಕೆ ಒದ್ದರೂ ಕೀಪರ್ ಆರಾಮಾಗಿ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಆ ವರ್ಷ ಬ್ಯಾಕ್‌ಪಾಸ್ ನಿಯಮ ಬಂದು ಅದು ನಿಂತಿತು. ಗುರ್‌ಪ್ರೀತ್ ಹುಟ್ಟಿದ ವರ್ಷವೇ ನೋಡಿ. ಅವತ್ತಿಂದ ಕೀಪರ್ ಹನ್ನೊಂದನೇ ಆಟಗಾರ. ಭಾರತದಲ್ಲಿ ಇದನ್ನು ಯಾರೂ ಸರಿಯಾಗಿ ಹೇಳಿಕೊಡ್ತಿರಲಿಲ್ಲ, ‘ಬಂತಾ, ಎತ್ತಿ ಒಗೆ’ ಅಷ್ಟೇ ಪಾಠ. ಬಿಎಫ್‌ಸಿಗೆ ಬಂದ ಗುರ್‌ಪ್ರೀತ್ ಚೆಂಡು ಕಾಲಿಗೆ ಬಂದರೆ ತಲೆ ಎತ್ತಿ ನೋಡ್ತಿದ್ದ. ನೋಡಿದ ಮೇಲೂ ಕೆಲವು ಸಲ ತಪ್ಪಾಗಿ ಕೊಟ್ಟಿದ್ದಾನೆ, ಅದು ಬೇರೆ ಮಾತು.

ಎರಡು, ಬಾಯಿ. ಮೆಟ್ಟಿಲ ಮೇಲಿದ್ದವರಿಗೆ ಇದು ಕೇಳಿಸಲ್ಲ, ಕಂಠೀರವದಲ್ಲಂತೂ ನಡುವೆ ಓಟದ ಟ್ರ್ಯಾಕ್ ಇದೆ. ಕೀಪರ್‌ನ ಅರ್ಧ ಕೆಲಸ ಕೂಗೋದು. ಎಡಕ್ಕೆ ಒಬ್ಬ ಬಂದ, ಬಿಡು ನಂದು, ಹಿಂದೆ ಸರಿ, ಹೊರಗೆ ಹೋಗಿ. ನಮ್ಮ ಗ್ರೌಂಡ್‌ಗಳಲ್ಲಿ ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳ ಮಾತ್ರ ಉರ್ದು. ಚೆನ್ನಾಗಿ ಕೂಗೋ ಕೀಪರ್‌ಗೆ ಹಾರೋ ಕೆಲಸವೇ ಕಡಿಮೆ ಬೀಳುತ್ತೆ. ಅಭ್ಯಾಸ ನೋಡೋಕೆ ಹೋದಾಗ ಹತ್ತಿರದಿಂದ ಕೇಳಿದ್ದೀನಿ, ಈ ಮನುಷ್ಯನ ಗಂಟಲು ನಿಲ್ಲಲ್ಲ.

ಫಲ ಬೇಕಾ? 2018-19ರಲ್ಲಿ ಐಎಸ್‌ಎಲ್ ಕಪ್ ಬಂತು, ಮುಂಬೈಯಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ಭೇಕೆ ಹೆಡರ್, 1-0. ಆ ವರ್ಷ ಲೀಗಿನ ಅತ್ಯುತ್ತಮ ಕೀಪರ್‌ಗೆ ಕೊಡೋ ಗೋಲ್ಡನ್ ಗ್ಲೌ ಇವನಿಗೆ. ಮುಂದಿನ ವರ್ಷ ಮತ್ತೆ ಇವನಿಗೇ, 11 ಪಂದ್ಯದಲ್ಲಿ ಒಂದೂ ಗೋಲು ಬಿಡದೆ. 2019ರಲ್ಲೇ ಅರ್ಜುನ ಪ್ರಶಸ್ತಿ.

ಕುಂದಾ_ಬೆಳಗಾವಿ

ಪೆನಾಲ್ಟಿ ಬಗ್ಗೆ ಯಾರೂ ಹೇಳವಲ್ರಿ. ನಮ್ಮ ಮಂದಿಗೆ ಗುರ್‌ಪ್ರೀತ್ ಅಂದ್ರ ಅದ ನೆನಪ.

ಕಲ್ಲುಮೆಟ್ಟಿಲು

ಅದನ್ನು ನಾನೇ ಹೇಳಬೇಕು, ಎರಡೂ ರಾತ್ರಿ ಅಲ್ಲಿದ್ದೆ. 2023ರ ಸ್ಯಾಫ್ ಕಪ್, ಕಂಠೀರವ. ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು 0-0, ಶೂಟೌಟ್‌ನಲ್ಲಿ ಅವರ ನಾಯಕ ಹಸನ್ ಮಾತೂಕ್ ಮೊದಲ ಒದೆತವನ್ನೇ ಗುರ್‌ಪ್ರೀತ್ ತಡೆದ, 4-2. ಜುಲೈ 4ಕ್ಕೆ ಕುವೈತ್ ಎದುರು ಫೈನಲ್. 1-1. ಮತ್ತೆ ಶೂಟೌಟ್. ಅವರದೊಂದು, ನಮ್ಮ ಉದಾಂತನದೊಂದು ತಪ್ಪಿ ಐದೈದು ಮುಗಿದಾಗ 4-4. ಮಹೇಶ್ ನಮ್ಮ ಆರನೆಯದು ಹಾಕಿದ. ಆಮೇಲೆ ಕುವೈತ್‌ನ ಖಾಲಿದ್ ಹಾಜಿಯಾ ಬಂದ. ನನ್ನ ಪಕ್ಕದ ಹಿರಿಯರೊಬ್ಬರು ಕಣ್ಣು ಮುಚ್ಚಿ ‘ಆಯ್ತಾ? ಆಯ್ತಾ?’ ಅಂತ ಕೇಳ್ತಾನೇ ಇದ್ದರು. ತಡೆದ. ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿತು. ನನ್ನ ಗಂಟಲು ಮೂರು ದಿನ ಇರಲಿಲ್ಲ.

ಅದೇ ವರ್ಷ ಮಾರ್ಚ್‌ನಲ್ಲಿ ಮುಂಬೈ ಸಿಟಿ ಎದುರು ಬಿಎಫ್‌ಸಿಯ ಐಎಸ್‌ಎಲ್ ಸೆಮಿಫೈನಲ್ ಶೂಟೌಟ್ 9-8, ಮೆಹ್ತಾಬ್ ಸಿಂಗ್ ಒದೆತ ತಡೆದದ್ದು ಇವನೇ.

ತೂಕದ_ಮಾತು

ಅದರ ಮುಂದಿನ ಪಂದ್ಯ ಹೇಳಲಿಲ್ಲ? ಫೈನಲ್, ಮಡಗಾಂವ್, ಮೋಹನ್ ಬಾಗಾನ್ ಎದುರು ಮತ್ತೆ ಶೂಟೌಟ್. ಅಲ್ಲಿ ತಡೆದದ್ದು ಆ ಕಡೆಯ ವಿಶಾಲ್ ಕೈತ್. ಕಪ್ ಅವರಿಗೆ.

ಕಲ್ಲುಮೆಟ್ಟಿಲು

ನೀವು ಮದುವೆಗೆ ಹೋದರೂ ಸಾಂಬಾರಿಗೆ ಉಪ್ಪು ಕಡಿಮೆ ಅಂತ ಹೇಳೇ ಬರೋರು.

ಕಡಲತೀರದ_ಕಿಕ್

ದೋಹಾದಲ್ಲಿ ಕತಾರ್ ಎದುರಿನ ಇನ್ನೊಂದು ವಿಶ್ವಕಪ್ ಅರ್ಹತಾ ಪಂದ್ಯ ಉಂಟು, 2024ರ ಜೂನ್ 11. ನಾನು ಊರಿಗೆ ಬಂದಾಗಿತ್ತು, ಟಿವಿಯಲ್ಲಿ ನೋಡಿದ್ದು. ಛೆಟ್ರಿ ನಿವೃತ್ತಿಯಾಗಿ ಐದು ದಿನ, ಗುರ್‌ಪ್ರೀತ್ ಕ್ಯಾಪ್ಟನ್, ಛಾಂಗ್ಟೆ ಗೋಲಿನಿಂದ ನಾವು ಮುಂದೆ. 73ನೇ ನಿಮಿಷ ಯೂಸುಫ್ ಐಮನ್ ಹೆಡರ್ ಅನ್ನು ಗುರ್‌ಪ್ರೀತ್ ತಡೆದ, ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಹೊರಗೆ ಹೋದ ಚೆಂಡನ್ನು ಕತಾರ್‌ನವ ಕಾಲಲ್ಲಿ ಒಳಗೆ ಎಳೆದ, ಐಮನ್ ಗೋಲಿಗೆ ಹಾಕಿದ. ರೆಫರಿ ಗೋಲು ಕೊಟ್ಟರು! ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. ಆಮೇಲೆ ಇನ್ನೊಂದು ತಿಂದು 1-2. ಮುಂದಿನ ಸುತ್ತಿಗೆ ಹೋಗಬೇಕಾದವರು ಮನೆಗೆ.

ಕೀಪರ್ ಸೀಟಿ ಕೇಳುವವರೆಗೆ ಎದ್ದು ನಿಲ್ಲಬೇಕಿತ್ತು ಅಂತ ಕೆಲವರು ಹೇಳಿದರು. ನೀವು ಎಂತ ಹೇಳ್ತೀರಿ ಹಳೇ ಕೀಪರ್ರೇ?

ಹಳೇ_ಕೀಪರ್_ಆಸ್ಟಿನ್‌ಟೌನ್

ಪುಸ್ತಕದ ಪ್ರಕಾರ ಸೀಟಿ ಬೀಳೋವರೆಗೂ ಆಡಬೇಕು. ಆದರೆ ಗೋಲಿನ ಗೆರೆಯ ಮೇಲೇ ಕೂತವನಿಗೆ ಚೆಂಡು ಹೊರಗೆ ಹೋದದ್ದು ನಿಚ್ಚಳವಾಗಿ ಕಾಣುತ್ತೆ. ಕಂಡಾಗ ಮೈ ತಾನಾಗೇ ಸಡಿಲ ಆಗುತ್ತೆ, ಕೈ ಕಾರ್ನರ್‌ಗೆ ಜನ ನಿಲ್ಲಿಸೋ ಯೋಚನೆಗೆ ಹೋಗುತ್ತೆ. ನನಗೆ ಹೀಗೇ ಒಮ್ಮೆ ಆಗಿದೆ. ಲೈನ್ಸ್‌ಮನ್ ಯಾರು ಅಂತ ಇಲ್ಲಿ ಬರೆಯಲ್ಲ, ಅವರಿಗೂ ಈಗ ಮೊಮ್ಮಕ್ಕಳು.

ಕಲ್ಲುಮೆಟ್ಟಿಲು ಕೇಳಿದ್ದಕ್ಕೆ ನನ್ನ ಉತ್ತರ 2025ರಲ್ಲಿದೆ. ಮಾರ್ಚ್‌ನಲ್ಲಿ ಭಾರತ ತಂಡದ ಗೋಲಿನಡಿ ವಿಶಾಲ್ ಕೈತ್ ಬಂದ. ಗುರ್‌ಪ್ರೀತ್ ಹೊರಗೆ. ಮೂವತ್ತಮೂರು ವಯಸ್ಸು, ಎಲ್ಲರೂ ಕಥೆ ಮುಗೀತು ಅಂದರು, ನಾನೂ ಅಂದೆ. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೈತ್ ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟು 0-1 ಆಯ್ತು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ಗೆ ತಜಿಕಿಸ್ತಾನಕ್ಕೆ ಹೋದಾಗ ಗುರ್‌ಪ್ರೀತ್‌ನನ್ನು ಕರೆದುಕೊಂಡು ಹೋದರು. ಐಎಸ್‌ಎಲ್ ಯಾವಾಗ ಶುರುವಾಗುತ್ತೋ ಯಾರಿಗೂ ಗೊತ್ತಿಲ್ಲದ ಹೊತ್ತು ಅದು. ಪಂದ್ಯದ ರೂಢಿಯೇ ಇಲ್ಲದೆ ಹೋದವನು ಮೊದಲ ಪಂದ್ಯದಲ್ಲೇ ತಜಿಕಿಸ್ತಾನದ ಪೆನಾಲ್ಟಿ ತಡೆದ, 2-1 ಗೆದ್ದೆವು. ಸೆಪ್ಟೆಂಬರ್ 8ಕ್ಕೆ ಮೂರನೇ ಸ್ಥಾನಕ್ಕೆ ಒಮಾನ್ ಎದುರು ಶೂಟೌಟ್, ಕೊನೇ ಒದೆತ ತಡೆದು ಮುಗಿಸಿದವನೂ ಅವನೇ. 2019ರಲ್ಲಿ ಗುವಾಹಟಿಯಲ್ಲಿ ಅಳಿಸಿದ ಅದೇ ಒಮಾನ್.

ಆರು ತಿಂಗಳು ಬದಿಗೆ ಸರಿಸಿದ್ದರೂ ಕರೆದ ದಿನ ತಯಾರಾಗಿರೋದನ್ನು ಅವನು ಎಲ್ಲಿ ಕಲಿತ? ನಾನು ಬೆಕ್ಕೆಸ್ತುವಾ ಅಂತೀನಿ. ತೂಕದ ಮಾತು ಅವರು ಕೋಲ್ಕತ್ತ ಅನ್ನಲಿ.

ತೂಕದ_ಮಾತು

ಕೋಲ್ಕತ್ತ. 😀 ಆದರೆ ಒಂದು ಒಪ್ಪುತ್ತೇನೆ: ಕೈತ್‌ಗೆ ಒಂದೇ ಪೆನಾಲ್ಟಿಗೆ ಇಷ್ಟು ಬೈದದ್ದು ಸರಿಯಲ್ಲ. ನಾನೂ ಬೈದವರಲ್ಲಿ ಒಬ್ಬ.

ಕುಂದಾ_ಬೆಳಗಾವಿ

ವಯಸ್ಸಿನ ಮಾತು ಬಿಡ್ರಿ. ಇಟಲಿಯ ಡಿನೊ ಜೋಫ್ 1982ರಾಗ ವಿಶ್ವಕಪ್ ಎತ್ತಿದಾಗ ನಲವತ್ತು. ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರಾಗ 45ಕ್ಕ ವಿಶ್ವಕಪ್ ಆಡಿ ಪೆನಾಲ್ಟಿನೂ ತಡದ. ನಮ್ಮಾಂವ ಇನ್ನೂ ಹುಡುಗ.

ಖರೇ ಹೇಳಬೇಕಂದ್ರ ನಾ ಇಲ್ಲಿ ಬಂದಿದ್ದು ಬ್ಯಾರೆ ಕಾರಣಕ್ಕ. ನಮ್ಮ ಅಕ್ಕನ ಮಗಗ ಹದಿಮೂರು. ಊರಿನ ಟೀಮಿನ್ಯಾಗ ಎಲ್ಲಾರಿಗಿಂತ ಎತ್ತರ ಅದಾನ ಅಂತ ಕೀಪರ್ ಮಾಡ್ಯಾರ. ಈಗ ಎರಡನೇ ಕೀಪರ್. ದಿನಾ ಮನಿಗೆ ಬಂದು ಬಿಡತೀನಿ ಅಂತಾನ. ಏನ್ ಹೇಳ್ಲಿ?

ಹಳೇ_ಕೀಪರ್_ಆಸ್ಟಿನ್‌ಟೌನ್

ಎತ್ತರ ಇದ್ದಾನೆ ಅಂತ ಮಾಡಿದ್ದರೆ ಮೊದಲು ಅವನಿಗೆ ಇಷ್ಟ ಇದೆಯಾ ಕೇಳಿ. ಇಲ್ಲ ಅಂದ್ರೆ ಬಿಡಲಿ, ತಪ್ಪೇನಿಲ್ಲ. ಇಷ್ಟ ಇದ್ದರೆ ಹದಿಮೂರಕ್ಕೆ ಎರಡನೇ ಕೀಪರ್ ಅನ್ನೋದು ಲೆಕ್ಕಕ್ಕೇ ಇಲ್ಲ. ಕೋಚ್ ಹತ್ತಿರ ಮಾತಾಡಿ, ಅಭ್ಯಾಸ ಪಂದ್ಯದಲ್ಲಾದರೂ ಅರ್ಧರ್ಧ ಆಡಿಸಲಿ. ಉಳಿದ ಹೊತ್ತು ಬ್ಯಾಕ್ ಆಡಲಿ, ಕಾಲು ತಯಾರಾಗುತ್ತೆ. ಈಗಲೇ ಗಟ್ಟಿ ನೆಲದ ಮೇಲೆ ಡೈವ್ ಹೊಡೆಸಬೇಡಿ, ಮಣ್ಣು ಸಡಿಲ ಮಾಡಿ ನೀರು ಹಾಕಿ.

ಕುಂದಾ_ಬೆಳಗಾವಿ

ಇಷ್ಟ ಅದ ರೀ. ಗ್ಲೌಸ್ ತಲಿಗಿಂಬ ಮಾಡ್ಕೊಂಡ ಮಲಗತಾನ. ಮೊನ್ನೆ ನಮ್ಮ ಅಕ್ಕ ಅವನ್ನ ವಾಷಿಂಗ್ ಮಷಿನ್‌ಗೆ ಹಾಕಿ ಮಾಳಿಗಿ ಮ್ಯಾಲೆ ಬಿಸಲಿಗೆ ಹಾಕ್ಯಾಳ. ಈಗ ಹಪ್ಪಳ ಆದಂಗ ಆಗ್ಯಾವ.

ಹಳೇ_ಕೀಪರ್_ಆಸ್ಟಿನ್‌ಟೌನ್

ಅಯ್ಯೋ! ಮಷಿನ್ ಬೇಡ, ಬಿಸಿಲು ಬೇಡವೇ ಬೇಡ. ಅಂಗೈ ಕಡೆ ಇರೋದು ಲ್ಯಾಟೆಕ್ಸ್, ಒಣಗಿದರೆ ಸಿಪ್ಪೆ ಏಳುತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಕೈಯಿಂದಲೇ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಲ್ಲಿ ನೇತು ಹಾಕಲಿ. ಆಡೋಕೆ ಮುಂಚೆ ಅಂಗೈಗೆ ಸ್ವಲ್ಪ ನೀರು ಹಚ್ಚಿದರೆ ಹಿಡಿತ ಬರುತ್ತೆ. ಹಪ್ಪಳ ಆದವನ್ನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಪಂದ್ಯಕ್ಕೆ ಹೊಸದು ತಗೊಳ್ಳಿ, ಬೆರಳ ತುದಿಗೆ ಸ್ವಲ್ಪ ಜಾಗ ಇರೋ ಅಳತೆ ನೋಡಿ.